ಐದನೇ ಗ್ಲಾಸಿಗೆ ಒಂಬತ್ತು ಅಂಕ

ಪ್ರೀತಿಯ ಅತ್ತೆ,

ಮೊದಲಿಗೆ ಸಾರಿ. ಹಾಸ್ಟೆಲ್ಲಿನಿಂದ ನಿಮ್ಮ ಮನೆಗೆ ಹತ್ತೇ ನಿಮಿಷದ ದಾರಿ. ಎದುರಿಗೆ ನಿಂತು ಹೇಳಬೇಕಾದದ್ದನ್ನು ಹೀಗೆ ಬರೆದು ಬಾಗಿಲಡಿ ತೂರಿಸಿ ಓಡಿಬರುವುದು ತಪ್ಪು ಅಂತ ಗೊತ್ತು. ಆದರೆ ಎದುರಿಗೆ ಬಂದರೆ ನೀವು ಮೇಡಂ ಆಗಿಬಿಡುತ್ತೀರಿ, ನಾನು ಫಸ್ಟ್ ಇಯರ್ ಆಗಿಬಿಡುತ್ತೇನೆ. ನನ್ನದು ಬೋರ್ಡಿಂಗ್ ಸ್ಕೂಲಿನ ಕನ್ನಡ, ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಿ.

ನಿನ್ನೆಯ ಶಾಕ್ ಇನ್ನೂ ಇಳಿದಿಲ್ಲ. ಬೆಳಿಗ್ಗೆ ಟೂತ್‌ಪೇಸ್ಟ್ ಹಿಡಿದುಕೊಂಡು ಅದನ್ನೇ ಮೂಸುತ್ತಾ ನಿಂತಿದ್ದೆ.

ಆ ಮೆಕ್ಸಿಕನ್ ಅಡುಗೆಯ ಟೆಕ್ಸ್-ಮೆಕ್ಸ್ ಹೋಟೆಲ್ಲಿನ ವೈನುಗಳಿಗೆ ನಮ್ಮ ಕೇಟರಿಂಗ್ ಕಾಲೇಜಿನ ಪರವಾಗಿ ಅಂಕ ಹಾಕಲು ನಿಮ್ಮ ಜೊತೆ ಹೊರಟಾಗ ಎಷ್ಟು ಖುಷಿಯಲ್ಲಿದ್ದೆ! ಪ್ಲಾಸ್ಟಿಕ್ ಹಾಸಿನ ಮೇಜು, ಬುಟ್ಟಿಯಲ್ಲಿ ಜೋಳದ ಚಿಪ್ಸ್, ಕೈಯೆಲ್ಲ ಸೋರಿಸಿಕೊಂಡು ತಿನ್ನುವ ಟ್ಯಾಕೊ. ಅಂಥ ಜಾಗದಲ್ಲಿ ಹನ್ನೆರಡು ಬಗೆಯ ವೈನ್. "ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೇ" ಅಂತ ನೀವು ನನ್ನ ಕಿವಿಯಲ್ಲಿ ಪಿಸುಗುಟ್ಟಿದಿರಿ. ಯಜಮಾನಿ ಹೆಸರು ಕಾಣದ ಹಾಗೆ ಬಾಟಲಿಗಳಿಗೆ ಬಟ್ಟೆ ಸುತ್ತಿ ನಂಬರ್ ಅಂಟಿಸಿದ್ದರು. ಫಸ್ಟ್ ಇಯರಿನವರು ಬರೀ ಮೂಸಬೇಕು, ಬಾಯಿಗೆ ಇಡುವ ಹಾಗಿಲ್ಲ. ನಾನು ಮೂಸಿದ ಮೇಲೆ ನೀವು ಮೂಸಿ, ಒಂದು ಗುಟುಕು ಬಾಯಲ್ಲಿ ಆಡಿಸಿ, ಉಗುಳಿ, ಅಂಕ ಬರೆಯುತ್ತಿದ್ದಿರಿ.

ಐದನೇ ಗ್ಲಾಸಿನಲ್ಲಿ ನೆನೆದ ರಟ್ಟಿನ ವಾಸನೆ. ಕಾರ್ಕ್ ಕೆಟ್ಟರೆ ಹಾಗೇ ಬರುತ್ತದೆ ಎಂದು ಕಲಿಸಿದ್ದೇ ನೀವು. ಮುಖ ಸಿಂಡರಿಸಬೇಕು, ಅಷ್ಟರಲ್ಲಿ ನಿಮ್ಮ ಬೆನ್ನ ಹಿಂದೆ ಅಡುಗೆಯವರು ಕೊಡೆಯಗಲದ ಟೋಪಿ ಹಾಕಿಕೊಂಡು ಬಾಗಿಲಲ್ಲಿ ಸಿಕ್ಕಿಕೊಂಡರು. ಅಡ್ಡ ತಿರುಗಿದರೂ ಇಲ್ಲ, ಬಗ್ಗಿದರೂ ಇಲ್ಲ. ನನಗೆ ನಗು ತಡೆಯಲಾಗಲಿಲ್ಲ. ಗ್ಲಾಸು ಮೂಗಿನ ಹತ್ತಿರವೇ ಇತ್ತು.

ನೀವು ನನ್ನ ಮುಖ ನೋಡಿದಿರಿ. ಆಮೇಲೆ ಮೂಸಿದಿರಿ. "ಹಣ್ಣಾದ ಚೆರ್ರಿ" ಅಂದಿರಿ. ಒಂಬತ್ತು ಬರೆದಿರಿ.

ನನ್ನ ಮೂಗೇ ಕೆಟ್ಟಿರಬೇಕು ಅಂದುಕೊಂಡು ಮತ್ತೆ ಮೂಸಿದೆ. ರಟ್ಟೇ! ಯಜಮಾನಿಗೋ ಸ್ವರ್ಗ ಮೂರೇ ಗೇಣು. "ಮೇಡಂ ಒಂಬತ್ತು ಅಂದ್ರೆ ಮುಗೀತು ಬಿಡಿ! ನಮ್ಮ ಹೌಸ್ ವೈನ್ ಇದೇ, ಬರೋರಿಗೆಲ್ಲ ಇದನ್ನೇ ಕೊಡೋದು. ಸೋಮವಾರ ನಿಮ್ಮ ರಿಪೋರ್ಟ್ ಬರ್ತಿದ್ದಂಗೆ ಮೆನು ಪ್ರಿಂಟಿಗೆ ಕೊಡ್ತೀನಿ. ಬೀರ್ ಬೀರ್ ಅಂತ ಬಾಯಿ ಬಡ್ಕೊಳ್ಳೋರೆಲ್ಲ ನೋಡ್ಲಿ!"

ಕಾರಿನಲ್ಲಿ ನೀವೇ ಕೇಳಿದಿರಿ, "ಐದನೇದು ಅಷ್ಟು ಇಷ್ಟ ಆಯ್ತೇನೇ ನಿಂಗೆ?"

"ಅಯ್ಯೋ, ನಾನು ನಕ್ಕಿದ್ದು ಅಡುಗೆಯವರ ಟೋಪಿಗೆ ಅತ್ತೆ. ವೈನ್ ರಟ್ಟು ನಾತ ಹೊಡೀತಿತ್ತು."

ನೀವು ಕಾರನ್ನು ಪಕ್ಕಕ್ಕೆ ತೆಗೆದುಕೊಂಡು ನಿಲ್ಲಿಸಿದಿರಿ. ಸ್ಟಿಯರಿಂಗ್ ನೋಡುತ್ತಲೇ ಹೇಳಿದಿರಿ. "ನಿನ್ನ ಕಾಲೇಜು ಶುರುವಾಗೋ ಮುಂಚೆ ಜ್ವರ ಬಂದಿತ್ತಲ್ಲ, ಆಗಿಂದ ಮೂಗಿಗೆ ಯಾವ ವಾಸನೇನೂ ಬರಲ್ಲ ಕಣೇ. ಸೋಪಿಂದೂ ಬರಲ್ಲ. ಯಾರಿಗೂ ಹೇಳ್ಬೇಡ."

ಹಾಸ್ಟೆಲ್ ಗೇಟಿನಲ್ಲಿ ಇಳಿದವಳೇ ಒಳಗೆ ಓಡಿಬಿಟ್ಟೆ.

ಪ್ರತಿ ಪ್ರಾಕ್ಟಿಕಲ್‌ನಲ್ಲೂ ನನ್ನನ್ನೇ ಮುಂದೆ ನಿಲ್ಲಿಸಿಕೊಳ್ಳುತ್ತಿದ್ದಿರಿ. ಕ್ಲಾಸಿನವರು "ಅತ್ತೆ ಬಾಲ ಬಂತು" ಅಂತ ಆಡಿಕೊಂಡರೂ ನಾನು ಬೀಗುತ್ತಿದ್ದೆ, ನನ್ನ ಮೂಗಿನ ಮೇಲೆ ನಿಮಗೆ ನಂಬಿಕೆ ಅಂತ. ನಿಮಗೆ ಬೇಕಾಗಿದ್ದು ಏನನ್ನೂ ಮುಚ್ಚಿಡಲಾರದ ಈ ಮುಖ! ಇದನ್ನು ನೆನೆದರೆ ಅಳು ಬರುತ್ತದೆ, ಸಿಟ್ಟೂ ಬರುತ್ತದೆ. ಮರುಕ್ಷಣವೇ ಹೆದರಿಕೆ. ಒಬ್ಬರೇ ಇದ್ದೀರಿ, ಮನೆಯಲ್ಲಿ ಗ್ಯಾಸ್ ಸೋರಿದರೆ ನಿಮಗೆ ಯಾರು ಹೇಳುತ್ತಾರೆ?

ರಿಪೋರ್ಟಿನಲ್ಲಿ ನಿಮ್ಮ ಸಹಿಯ ಕೆಳಗೆ ನನ್ನ ಸಹಿಯ ಜಾಗ ಖಾಲಿ ಇದೆ. ಅತ್ತೆ, ಆ ಒಂಬತ್ತರ ಕೆಳಗೆ ನಾನು ಸಹಿ ಹಾಕಲಾರೆ. ಪ್ರಿನ್ಸಿಪಾಲರ ಹತ್ತಿರ ಹೋಗಿ ನಿಮ್ಮ ವಿಷಯ ಹೇಳುವುದೂ ನನ್ನ ಕೈಲಾಗದು. ಅದನ್ನು ಹೇಳಬೇಕಾದವರು ನೀವೇ. ಯಜಮಾನಿಗೆ ಫೋನ್ ಮಾಡಿ, ಐದನೇದರ ಇನ್ನೊಂದು ಬಾಟಲಿ ತೆಗೆಸಿ. ನಾನೂ ಬರುತ್ತೇನೆ. ಈ ಸಲ ನನ್ನ ಮುಖ ನೋಡಬೇಡಿ, "ಏನು ವಾಸನೆ ಹೇಳೇ" ಅಂತ ಬಾಯಿಬಿಟ್ಟು ಕೇಳಿ. ಎಲ್ಲರೆದುರು ಹೇಳುತ್ತೇನೆ, ಭಯವಾದರೂ ಹೇಳುತ್ತೇನೆ.

ನೀವು ನೂರು ಕಾಲ ಚೆನ್ನಾಗಿರಬೇಕು. ಒಲೆ ಹಚ್ಚುವ ಮುಂಚೆ ಕಿಟಕಿ ತೆಗೆಯಿರಿ.

ಇವತ್ತು ಶನಿವಾರ. ನಾಳೆ ಸಂಜೆಯೊಳಗೆ ಒಂದು ಸಾಲಾದರೂ ಉತ್ತರ ಬರೆಯಿರಿ.

ನಿಮ್ಮ ಅಣ್ಣನ ಮಗಳು