ಹಳದಿ ಗೆರೆ ಎಳೆದ ನಟ್ಟುಗಳು

ಮಾರ್ಚ್ 3, ಬೆಳಗ್ಗೆ 9.40

ಇವತ್ತೂ ಅದೇ. ಬೈಕಿನ ಸ್ಟಾರ್ಟ್ ಬಟನ್ ಒತ್ತಿದರೆ ‘ಟಕ್’, ಅಷ್ಟೇ. ನಾಲ್ಕನೇ ಸಲಕ್ಕೆ ಸ್ಟಾರ್ಟ್ ಆಯಿತು, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ. ಆರು ಮನೆಗೆ ಹೋಗಿ ತೆಗೆದದ್ದು ಹನ್ನೊಂದು ಟ್ಯೂಬ್ ರಕ್ತ. ತೆಗೆದ ಎರಡು ತಾಸಿನೊಳಗೆ ಲ್ಯಾಬ್ ಸೇರಬೇಕು. ಹತ್ತು ನಿಮಿಷ ಬಾಕಿ ಇರುವಾಗ ಸೇರಿತು. ಮೂರನೇ ಮನೆಯ ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಮೆಕ್ಯಾನಿಕ್ ಮಗಳ ಗಾಡಿನೇ ಹಿಂಗಾದ್ರೆ ಊರೋರ ಗತಿ ಏನಮ್ಮ!” ರಕ್ತ ಕೊಡಬೇಕೆಂದು ಅಜ್ಜಿ ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಖಾಲಿ ಹೊಟ್ಟೆಗೆ ಮಾತು ಜಾಸ್ತಿ.

ಅಪ್ಪನಿಗೆ ಹೇಳಿದೆ. ಮನೆಯ ಮುಂದಿನ ಕೋಣೆಯೇ ವರ್ಕ್‌ಶಾಪ್, ನಲವತ್ತೊಂದು ವರ್ಷದಿಂದ. ಯಾರದೋ ಹಿಂದಿನ ಚಕ್ರ ಕೂರಿಸುತ್ತಿದ್ದ. ತಲೆ ಎತ್ತಲಿಲ್ಲ.

“ಜನವರಿಲಿ ತಾನೆ ಪೂರ್ತಿ ಬಿಚ್ಚಿ ಸರ್ವಿಸ್ ಮಾಡಿದ್ದು? ಕನೆಕ್ಷನ್ ಎಲ್ಲ ನಾನೇ ನೋಡಿದೀನಿ. ಬಟನ್ ಹೋಗಿರುತ್ತೆ. ನೀನು ಒತ್ತೋದೂ ಹಂಗೇ, ಸೂಜಿ ಚುಚ್ಚಿದಂಗೆ.”

ಮಾರ್ಚ್ 5

ಬಟನ್ ಬದಲಾಯಿಸಿದ. ಸ್ಟಾರ್ಟ್ ಆಯಿತು. ಅಪ್ಪನ ಮುಖದಲ್ಲಿ ‘ನಾನು ಹೇಳಲಿಲ್ವಾ’.

ಮಾರ್ಚ್ 6, ಬೆಳಗ್ಗೆ 6.15

ಟಕ್.

ಮಾರ್ಚ್ 8, ಭಾನುವಾರ

ನಾನೇ ಬಿಚ್ಚಿ ಕೂತೆ. ಫ್ಯೂಸ್ ಸರಿ. ಸ್ಟ್ಯಾಂಡ್ ಸ್ವಿಚ್, ಕ್ಲಚ್ ಸ್ವಿಚ್ ಸರಿ. ವೈರುಗಳ ಸಾಕೆಟ್‌ಗಳನ್ನೆಲ್ಲ ಕಳಚಿ, ಒರೆಸಿ, ಮತ್ತೆ ಒತ್ತಿದೆ. ಹಳದಿ ಗೆರೆ ಇರುವುದನ್ನು ಮಾತ್ರ ಮುಟ್ಟಲಿಲ್ಲ.

ಅದು ಈ ಮನೆಯ ಕಾನೂನು. ಬಿಗಿ ಮಾಡಿ ಮುಗಿಸಿದ ಪ್ರತಿ ನಟ್ಟಿಗೂ ಅಪ್ಪ ಹಳದಿ ಪೇಂಟಿನಲ್ಲಿ ಒಂದು ಗೆರೆ ಎಳೆಯುತ್ತಾನೆ — ಅರ್ಧ ನಟ್ಟಿನ ಮೇಲೆ, ಅರ್ಧ ಅದರ ಪಕ್ಕದ ಲೋಹದ ಮೇಲೆ. ನಟ್ಟು ಅಲ್ಲಾಡಿದರೆ ಗೆರೆ ಮುರಿದು ಕಾಣುತ್ತದೆ. ಗೆರೆ ನೆಟ್ಟಗಿದ್ದರೆ ಕೆಲಸ ಮುಗಿದ ಹಾಗೆ, ಇನ್ನೊಬ್ಬರು ಕೈ ಹಾಕುವಂತಿಲ್ಲ. ಎಷ್ಟು ಬಿಗಿ ಅಂತ ಅಳೆಯುವ ಸ್ಪ್ಯಾನರ್ ಬಂದು ಎಷ್ಟೋ ಕಾಲವಾಯಿತು. ಅಪ್ಪ ಕೊಳ್ಳಲಿಲ್ಲ. “ಕೈ ಹೇಳುತ್ತೆ” ಅನ್ನುತ್ತಾನೆ. ಎಂಟು ವರ್ಷದವಳಿದ್ದಾಗ ಒಂದು ಗೆರೆಯ ಮೇಲೆ ಸ್ಪ್ಯಾನರ್ ಇಟ್ಟಿದ್ದಕ್ಕೆ ಬೆನ್ನಿಗೆ ಬಿದ್ದಿತ್ತು. ಅವನ ಕೈಯಲ್ಲಿ ನಾನು ತಿಂದದ್ದು ಅದೊಂದೇ ಏಟು.

ಮಾರ್ಚ್ 11

ಈಗ ಸ್ಟಾರ್ಟರ್‌ಗೆ ಕರೆಂಟ್ ಬಿಡುವ ರಿಲೇ ಬದಲಾಯಿಸಿದ. ಅತ್ತೆ — ಅಪ್ಪನ ಅಕ್ಕ, ಈ ಮನೆಯ ವಿರೋಧ ಪಕ್ಷ — ಬಾಗಿಲಿಗೆ ಒರಗಿ ನಿಂತಿದ್ದಳು. “ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಹಾಕ್ತಿದೀಯ ಕಣೋ.” ಅಪ್ಪ ಹಳೆಯ ರಿಲೇಯನ್ನು ಡಬ್ಬಿಗೆ ಎಸೆದ. ಸಾಮಾನ್ಯವಾಗಿ ತಿರುಗಿ ಬೈಯುತ್ತಾನೆ.

ಮಾರ್ಚ್ 12

ಲ್ಯಾಬಿಗೆ ತಡ. ನಲವತ್ತು ನಿಮಿಷ ರಸ್ತೆಯಲ್ಲೇ ನಿಂತೆ. ಏಳು ಟ್ಯೂಬ್ ಹಾಳು. ಅದರಲ್ಲೊಂದು ಇಪ್ಪತ್ತು ದಿನದ ಮಗುವಿನದು. ಮಧ್ಯಾಹ್ನ ಮತ್ತೆ ಹೋಗಿ ಅದೇ ಹಿಮ್ಮಡಿಗೆ ಇನ್ನೊಮ್ಮೆ ಚುಚ್ಚಿದೆ. ತಾಯಿ ತಾನೇ ಮಗುವಿನ ಕಾಲು ಹಿಡಿದುಕೊಟ್ಟಳು. ಬೈದಿದ್ದರೆ ವಾಸಿ ಇತ್ತು. ನಾಚಿಕೆಯಾಯಿತು.

ಮಾರ್ಚ್ 13, ಸಂಜೆ 4.30

ಲ್ಯಾಬಿನ ಯಂತ್ರ ರಿಪೇರಿ ಮಾಡುವ ಟೆಕ್ನಿಶಿಯನ್ ತನ್ನ ಮೀಟರ್ ತಂದ. ಬ್ಯಾಟರಿ 12.6 ವೋಲ್ಟ್. “ಬ್ಯಾಟರಿ ಗಟ್ಟಿ ಇದೆ. ಅದನ್ನ ಬಿಡಿ, ಕರೆಂಟ್ ಹೋಗೋ ದಾರಿ ನೋಡೋಣ.” ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಮೈಗೆ. “ಈಗ ಒತ್ತಿ.” ಟಕ್. ಮೀಟರಿನಲ್ಲಿ 5.2.

“ಇಲ್ಲಿ ಸೊನ್ನೆ ಬರಬೇಕು, ಹೆಚ್ಚಂದ್ರೆ ಒಂದು ಚೂರು. ಐದು ವೋಲ್ಟ್ ದಾರೀಲೇ ಸೋರಿ ಹೋಗ್ತಿದೆ. ಅರ್ಥ್ ವೈರ್ ಎಂಜಿನ್‌ಗೆ ಕೂರೋ ಬೋಲ್ಟ್ ನೋಡಿ.”

ನೋಡಿದೆ. ಹಳದಿ ಗೆರೆ, ನೆಟ್ಟಗೆ, ಮುರಿಯದೆ. “ಅದು ಅಪ್ಪ ಬಿಗಿ ಮಾಡಿರೋದು” ಅಂದೆ. “ಇರಲಿ, ಮುಟ್ಟಿ ನೋಡಿ” ಅಂದ.

ಸ್ಪ್ಯಾನರ್ ಬೇಕಾಗಲಿಲ್ಲ. ಬೆರಳಲ್ಲೇ ತಿರುಗಿತು.

ಉಜ್ಜಿ ಬಿಗಿ ಮಾಡಿದೆ. ಮೊದಲ ಒತ್ತಿಗೇ ಸ್ಟಾರ್ಟ್. ಹತ್ತು ಸಲ ಆರಿಸಿ ನೋಡಿದೆ, ಹತ್ತೂ ಸಲ. ಖುಷಿಯಾಗಬೇಕಿತ್ತು. ಗೆರೆ ಮುರಿದಿರಲಿಲ್ಲ... ಅಂದರೆ ಸಡಿಲವಾದದ್ದಲ್ಲ. ಮೊದಲಿಂದಲೂ ಬಿಗಿಯೇ ಆಗಿರಲಿಲ್ಲ. ಸಡಿಲ ಬೋಲ್ಟಿಗೇ ಅಪ್ಪ ಗೆರೆ ಎಳೆದಿದ್ದಾನೆ.

ಮಾರ್ಚ್ 14

ಅಪ್ಪನ ಬಲಗೈ ತೋರುಬೆರಳಲ್ಲಿ ದೊಡ್ಡ ಬೊಬ್ಬೆ. ಸೈಲೆನ್ಸರ್ ತಾಗಿದ್ದು. “ಯಾವಾಗ?” ಅಂದೆ. ಬೆರಳನ್ನು ತಿರುಗಿಸಿ ನೋಡಿಕೊಂಡ. “ಹೌದಲ್ಲ!” ಅಂದ. ಅವನಿಗೂ ಅದು ಹೊಸ ಸುದ್ದಿ.

ಹದಿನೆಂಟು ವರ್ಷದ ಸಕ್ಕರೆ ಕಾಯಿಲೆ. ಮೂರು ತಿಂಗಳಿಗೊಮ್ಮೆ ಅವನ ರಕ್ತ ತೆಗೆಯುವವಳು ನಾನೇ. ಸಕ್ಕರೆಯಿಂದ ಸ್ಪರ್ಶ ಸತ್ತಿದೆಯಾ ಎಂದು ಊರವರ ಪಾದಕ್ಕೆಲ್ಲ ಹತ್ತಿ ತಾಗಿಸಿ ‘ಗೊತ್ತಾಗುತ್ತಾ?’ ಅಂತ ಕೇಳುತ್ತೇನೆ. ಮನೆಯಲ್ಲಿ ಕೇಳಲಿಲ್ಲ. ದೀಪದ ಬುಡದಲ್ಲಿ ಕತ್ತಲು.

ಮಧ್ಯಾಹ್ನ ಅಪ್ಪ ಮಲಗಿದ್ದಾಗ ವರ್ಕ್‌ಶಾಪಿನಲ್ಲಿ ರೆಡಿಯಾಗಿ ನಿಂತಿದ್ದ ಎರಡು ಬೈಕ್ ನೋಡಿದೆ. ಒಂದರಲ್ಲಿ ಬ್ರೇಕ್ ರಾಡಿನ ನಟ್ಟು ಅರ್ಧ ಸುತ್ತು ಬಿಗಿಯಾಯಿತು. ಅರ್ಥ್ ವೈರ್ ಸಡಿಲವಿದ್ದರೆ ಗಾಡಿ ನಿಲ್ಲುತ್ತದೆ. ಇದು ಸಡಿಲವಿದ್ದರೆ ನಿಲ್ಲುವುದಿಲ್ಲ.

ಮಾರ್ಚ್ 15

ಗೋಡೆಯ ಕ್ಯಾಲೆಂಡರಿನಲ್ಲಿ ಯಾವ ಬೈಕ್ ಯಾವತ್ತು ಹೋಯಿತೆಂದು ಬರೆದಿಡುತ್ತಾನೆ. ಜನವರಿಯಿಂದ ಹನ್ನೊಂದು. ಎಲ್ಲರೂ ಗೊತ್ತಿರುವವರೇ. ಪಟ್ಟಿ ಮಾಡಿಕೊಂಡೆ. ಅಪ್ಪನಿಗೆ ಹೇಳಲಿಲ್ಲ. ಹೇಡಿತನ, ಇನ್ನೇನು.

ಮಾರ್ಚ್ 18

ರಕ್ತದ ಜೊತೆಗೆ ಈಗ ಸ್ಪ್ಯಾನರೂ ಬ್ಯಾಗಿನಲ್ಲಿ. “ಅಪ್ಪ ಒಂದ್ಸಲ ನೋಡ್ಕೊಂಡು ಬಾ ಅಂದ್ರು, ಫ್ರೀ ಚೆಕಿಂಗ್.” ಯಾರೂ ಅನುಮಾನ ಪಡಲಿಲ್ಲ. ಅಂಚೆಯವನು ಟೀ ಕೊಟ್ಟ. “ನಿಮ್ಮಪ್ಪನಂಥೋರು ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ ಹೇಳಿ” ಅಂದ. ಅವನ ಮುಂದಿನ ಬ್ರೇಕಿನ ಬೋಲ್ಟ್ ಕಾಲು ಸುತ್ತು ಬಂತು.

ಹತ್ತು ಮುಗಿಯಿತು. ಆರು ಸರಿ, ನಾಲ್ಕು ಸಡಿಲ. ಉಳಿದದ್ದು ಒಂದೇ — ಅವಳಿ ಮಕ್ಕಳ ಅಪ್ಪ. ಒಂದನ್ನು ಮುಂದೆ, ಒಂದನ್ನು ಹಿಂದೆ ಕೂರಿಸಿಕೊಂಡು ಓಡಾಡುವವನು. ನಾನು ಬಟನ್ ವಿಷಯ ಹೇಳಿದ ದಿನ ಅಪ್ಪ ಹಿಂದಿನ ಚಕ್ರ ಕೂರಿಸುತ್ತಿದ್ದದ್ದು ಅವನದಕ್ಕೇ. ಮನೆಗೆ ಬೀಗ. ಕಳೆದ ವಾರ ವರ್ಗವಾಗಿ ಹೋದರಂತೆ, ಎಪ್ಪತ್ತು ಕಿಲೋಮೀಟರ್ ಆಚೆಯ ಫ್ಯಾಕ್ಟರಿಗೆ. ಫೋನ್ ಸ್ವಿಚ್ ಆಫ್. ಮೆಸೇಜ್ ಹಾಕಿದೆ — ಗಾಡಿ ಓಡಿಸಬೇಡಿ, ಹಿಂದಿನ ಚಕ್ರದ ನಟ್ಟು ಮೊದಲು ತೋರಿಸಿ.

ಮಾರ್ಚ್ 19, ಬೆಳಗ್ಗೆ

ಆರು ಸಲ ಫೋನ್ ಮಾಡಿದೆ. ಮೆಸೇಜ್ ತಲುಪಿಲ್ಲ.

ಮಾರ್ಚ್ 19, ಸಂಜೆ 6

ಅಪ್ಪನಿಗೆ ಗೊತ್ತಾಗಿದೆ. ನಾನು ಹೇಳಲಿಲ್ಲ, ಗೆರೆ ಹೇಳಿತು. ಅಂಚೆಯವನು ಪಂಕ್ಚರ್ ಹಾಕಿಸಲು ಬೈಕ್ ಬಿಟ್ಟು ಹೋಗಿದ್ದ. ಮುಂದಿನ ಬ್ರೇಕಿನ ಮೇಲೆ ಗೆರೆ ಎರಡು ತುಂಡು.

“ಯಾರು ಮುಟ್ಟಿದ್ದು?” ಮೂಗಿನ ತುದಿಯಲ್ಲಿ ಕೋಪ.

“ನಾನು.”

“ಬಿಚ್ಚೋಕೆ ಹೋಗಿದ್ಯಾ?”

“ಇಲ್ಲ. ಬಿಗಿ ಮಾಡಿದೆ.”

ಗೆರೆ ಯಾವ ಕಡೆಗೆ ಜಾರಿದೆ ಅಂತ ಬಗ್ಗಿ ಇನ್ನೊಮ್ಮೆ ನೋಡಿದ. ನೋಡಿದ ಮೇಲೆ ಕೋಪ ಇರಲಿಲ್ಲ. “ಇನ್ಯಾವುದು?” ಅಂದ. ಎಲ್ಲ ಹೇಳಿದೆ, ನನ್ನ ಬೈಕಿನಿಂದ ಹಿಡಿದು. ಸ್ಟೂಲಿನ ಮೇಲೆ ಕೂತು ಕೈ ಚಾಚಿದ. “ನೀನು ಜನಕ್ಕೆ ಮಾಡ್ತೀಯಲ್ಲ, ಹತ್ತಿ ಹಾಕಿ. ಮಾಡು.”

ಕಣ್ಣು ಮುಚ್ಚಿಸಿದೆ. “ತಾಗಿದಾಗ ಹೇಳಪ್ಪ” ಅಂದೆ. ಹೆಬ್ಬೆರಳು. ತೋರುಬೆರಳು. ಮಧ್ಯದ್ದು. ಉಂಗುರದ್ದು. ಕಿರುಬೆರಳು. ಐದೂ ಮುಗಿಸಿದೆ. ಮತ್ತೆ ಮೊದಲಿಂದ, ಸ್ವಲ್ಪ ಒತ್ತಿ.

“ಶುರು ಮಾಡೇ” ಅಂದ ಅಪ್ಪ.

ಅತ್ತೆ ಬಾಗಿಲಲ್ಲಿದ್ದಳು. ಒಳಗೆ ಹೋದಳು. ಅವಳು ಏನಾದರೂ ಅನ್ನಲಿ ಎಂದು ನನಗೆ ಮೊದಲ ಸಲ ಅನಿಸಿತು.

ಹನ್ನೊಂದನೆಯವನ ವಿಷಯ ಆಮೇಲೆ ಹೇಳಿದೆ. ಒಂದೇ ಮಾತು ಕೇಳಿದ — “ಅವಳಿ ಮಕ್ಕಳದಾ?”

ಮಾರ್ಚ್ 20, ಬೆಳಗ್ಗೆ 6

ಅಪ್ಪ ಹೊರಟಿದ್ದಾನೆ. “ನಾನು ಕೂರಿಸಿದ ಚಕ್ರ, ನಾನೇ ಹೋಗ್ಬೇಕು.” ನಾನೂ ಬರುತ್ತೇನೆಂದೆ. “ನಿನ್ನ ಆರು ಮನೆಯೋರು ಉಪವಾಸ ಕೂತಿರ್ತಾರೆ, ಹೋಗು.” ಹೊರಡುವ ಮುಂಚೆ ಅವನ ಬೈಕಿನ ಒಂದೊಂದು ನಟ್ಟನ್ನೂ ನಾನು ನೋಡಿದೆ. ಪಕ್ಕದಲ್ಲಿ ನಿಂತು ನೋಡಲು ಬಿಟ್ಟ. ಬೆನ್ನು ನನ್ನ ಕಡೆಗಿತ್ತು.

ಮಧ್ಯಾಹ್ನ 1.20

ಸುದ್ದಿ ಇಲ್ಲ. ಇವತ್ತು ಬೈಕ್ ಒಂದೇ ಒತ್ತಿಗೆ ಸ್ಟಾರ್ಟ್. ಒಬ್ಬರಿಗೆ ಸೂಜಿ ಎರಡು ಸಲ ರಕ್ತನಾಳ ತಪ್ಪಿತು. ಹತ್ತು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು. ಭಯವಾಗುತ್ತಿದೆ. ಬರೆದರೆ ಕಡಿಮೆಯಾಗುತ್ತದೆಂದು ಬರೆದೆ. ಆಗಲಿಲ್ಲ.

ಸಂಜೆ 4.10

ಫೋನ್ ಬಂತು.

“ಸಿಕ್ಕಿದ್ರು. ಫ್ಯಾಕ್ಟರಿ ಗೇಟಲ್ಲಿ ಕಾದೆ. ನಂಬರ್ ಬದಲಾಗಿದೆಯಂತೆ. ಬೆಳಗ್ಗೆ ಮಕ್ಕಳನ್ನ ಶಾಲೆಗೆ ಬಿಟ್ಟು ಬಂದಿದ್ರು, ಅದರಲ್ಲೇ.”

“ನಟ್ಟು?”

ಆ ಕಡೆ ಲಾರಿಗಳ ಸದ್ದು.

“ಗೇಟ್ ಎದುರಿಗೇ ಒಬ್ಬ ಮೆಕ್ಯಾನಿಕ್ ಇದ್ದಾನೆ. ಅವನ ಕೈಲಿ ಮಾಡಿಸ್ದೆ. ಒಂದೂವರೆ ಸುತ್ತು ಬಂತು ಕಣೆ.”

ನನ್ನ ಪಟ್ಟಿಯ ಹನ್ನೊಂದನೆಯ ಹೆಸರಿನ ಮೇಲೆ ಗೆರೆ ಎಳೆದೆ.

“ನೀವೇ ಮೆಕ್ಯಾನಿಕ್ ಅಂತೀರ, ನೀವ್ಯಾಕೆ ಮಾಡಲ್ಲ ಅಂತ ಕೇಳ್ದ. ಹೇಳ್ದೆ... ನನ್ನ ಕೈ ಈಗ ಹೇಳಲ್ಲಪ್ಪ ಅಂತ.” ಮೂಗು ಒರೆಸಿಕೊಂಡ ಸದ್ದು. “ಬರ್ತಾ ಬಸ್ಸಲ್ಲಿ ಬರ್ತೀನಿ. ಗಾಡಿ ಇಲ್ಲೇ ಇರಲಿ. ಬ್ರೇಕ್ ಎಷ್ಟು ಒತ್ತಿದೀನಿ ಅಂತಾನೂ ದಾರೀಲಿ ಸರಿಯಾಗಿ ಗೊತ್ತಾಗಲಿಲ್ಲ.”

ಸಂಜೆ 5.30

ಅತ್ತೆಗೆ ಹೇಳಿದೆ. ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಅಳಲಿಲ್ಲ, ಟೀ ಇಟ್ಟೆ.

ವರ್ಕ್‌ಶಾಪಿನಲ್ಲಿ ರಿಪೇರಿಗೆ ಬಂದ ಬೇರೆ ಎರಡು ಬೈಕ್ ನಿಂತಿವೆ, ಒಂದರ ಎಂಜಿನ್ ಅರ್ಧ ಬಿಚ್ಚಿದೆ. ಅದರ ಮಾಲೀಕ ಈಗಷ್ಟೇ ಬಂದು ಕೇಳಿದ, ಯಾವಾಗ ರೆಡಿ ಆಗುತ್ತೆ ಅಂತ. ಅಪ್ಪ ಊರಲ್ಲಿಲ್ಲ ಅಂದೆ. “ಪರವಾಗಿಲ್ಲ, ಅವರೇ ಮಾಡಲಿ, ಕಾಯ್ತೀನಿ” ಅಂದು ಹೋದ. ನಾಳೆ ಅವನಿಗೆ ಫೋನ್ ಮಾಡಬೇಕು. ಏನು ಹೇಳಬೇಕೆಂದು ಇಲ್ಲಿ ಮೊದಲು ಬರೆದು ನೋಡುತ್ತೇನೆ.

ನಮ್ಮಪ್ಪ ಇನ್ನು ಮೇಲೆ...