ಕೆಂಪು ಬಣ್ಣ ಬಳಿದ ಡಬ್ಬಿಗಳು

ನರಗುಂದ, ಕೆಳಮನೆ
ಹದಿಮೂರನೇ ತಿಂಗಳ ಮೂವತ್ತಾರನೇ ದಿನ,
ನೀನು ಹಗೇವು ಮುಚ್ಚಿದ ಇಪ್ಪತ್ತೊಂಬತ್ತನೇ ವರ್ಷ

ಅಂದಾನೆಪ್ಪಜ್ಜಾ,

ಈ ತಾರೀಖು ನಿನ್ನ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡ. ಬೇಸಿಗೆ ಹಿಗ್ಗುತ್ತ ಹೋದಂತೆ ನಾವು ತಿಂಗಳನ್ನೂ ದಿನವನ್ನೂ ಹಿಗ್ಗಿಸಿಕೊಂಡಿದ್ದೇವೆ. ನನ್ನ ಮಾತಿನಲ್ಲಿ ನಿನಗೆ ಗೊತ್ತಿಲ್ಲದ ಶಬ್ದಗಳು ಬಂದಾವು, ಅದಕ್ಕಷ್ಟೇ ಕ್ಷಮೆ ಕೇಳುತ್ತೇನೆ. ಇನ್ನು ಯಾವುದಕ್ಕೂ ಕೇಳುವುದಿಲ್ಲ. ನಾನು ಸಾವಂತ್ರೆವ್ವ, ನಿನ್ನ ಮೊಮ್ಮಗ ಶೇಖಪ್ಪನ ಮಗಳು. ನೀನು ಸತ್ತ ಮರುವರ್ಷ ಹುಟ್ಟಿದವಳು. ಹಿರಿಯರಿಗೆ 'ನೀವು' ಅನ್ನಬೇಕೆಂದು ಅಪ್ಪ ಕಲಿಸಿದ್ದಾನೆ. ನಿನಗೆ ಹಾಗೆ ಅನ್ನಲು ನನಗೆ ಮನಸ್ಸಿಲ್ಲ.

ನೀನು ಹುಬ್ಬಳ್ಳಿಯ ಗೋದಾಮಿನಿಂದ ಟೆಂಪೋ ತುಂಬ ಡಬ್ಬಿ ತಂದು ಕಟ್ಟೆಯ ಮೇಲೆ ಇಳಿಸಿದ ದಿನವೇ ಈ ಕಾಗದ ನಿನ್ನ ಕೈ ಸೇರಲಿ. ಒಣ ಅನ್ನ, ಬೇಳೆ, ಹಾಲಿನ ಪುಡಿ. ಗಾಳಿ ತೆಗೆದು ಮುಚ್ಚಿದ ದೊಡ್ಡ ದೊಡ್ಡ ಡಬ್ಬಿ. ಮೂವತ್ತು ವರ್ಷ ಕೆಡುವುದಿಲ್ಲ ಎಂದು ಮೇಲೆ ಬರೆದಿತ್ತು. ಹಳೆಯ ದಾಸ್ತಾನು ಎಂದು ಅರ್ಧಕ್ಕೆ ಕೊಟ್ಟರು, ನೀನು ಮೀಸೆ ತಿರುವುತ್ತ ಬಂದೆ. ಅಂದು ನಿನ್ನ ಹೆಂಡತಿ ಪಾರ್ವತೆವ್ವ ಕೇಳಿದ್ದು ನಮ್ಮ ಮನೆಯಲ್ಲಿ ಇವತ್ತಿಗೂ ಉಳಿದಿದೆ.

"ಮೂವತ್ತು ವರ್ಷ ಅಂದ್ರ ಯಾವತ್ತಿನಿಂದ ರೀ? ಅವರು ಮಾಡಿದ್ದ ದಿನದಿಂದೋ, ನೀವು ತಂದ ದಿನದಿಂದೋ?"

ನೀನು ನಕ್ಕೆ. ನಿನ್ನನ್ನು ನೋಡಿ ಮಕ್ಕಳು ನಕ್ಕರು. ಮುದುಕಿಗೆ ಏನು ತಿಳಿಯುತ್ತದೆ ಎಂದು ನಾವೂ ಅದನ್ನು ಹಬ್ಬ ಹುಣ್ಣಿಮೆಗೆ ಹೇಳಿಕೊಂಡು ನಗುತ್ತ ಬಂದೆವು. ಈ ವರ್ಷ ಯಾರೂ ಹೇಳಿಲ್ಲ.

ನಿನ್ನ ತಲೆಯಲ್ಲಿದ್ದದ್ದು ಜೋಳದ ಲೆಕ್ಕ. ಅಂಗಳದಲ್ಲಿ ತೋಡಿದ ಹಗೇವಿಗೆ ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿದ ದಿನದಿಂದ ವರ್ಷ ಎಣಿಸುವುದು ನಮ್ಮ ಕಡೆಯ ಪದ್ಧತಿ. ಜೋಳಕ್ಕೆ ಅದು ಸರಿ, ಅದು ಆ ವರ್ಷದ ಹೊಲದಿಂದ ಬಂದದ್ದು. ನೀನು ಡಬ್ಬಿಗೂ ಹಾಗೆಯೇ ಮಾಡಿದೆ. ನೆಲದೊಳಗೆ ತುಕ್ಕು ಹಿಡಿದೀತೆಂದು ಒಂದೊಂದಕ್ಕೂ ಬುಡದ ತನಕ ಕೆಂಪು ಬಣ್ಣ ಬಳಿದೆ, ಮುಚ್ಚಳದ ಕಲ್ಲಿನ ಮೇಲೆ ಉಳಿಯಿಂದ ಆ ದಿನದ ತಾರೀಖು ಕೆತ್ತಿದೆ. ತಯಾರಾದ ವರ್ಷ ಒತ್ತಿದ್ದು ಡಬ್ಬಿಯ ಬುಡದಲ್ಲಿತ್ತು. ಅದು ನಿನ್ನ ಬಣ್ಣದ ಕೆಳಗೆ ಹೋಯಿತು. ಎಂಥ ಅಚ್ಚುಕಟ್ಟು ಕೆಲಸ ನಿನ್ನದು!

ಈಗ ನಮ್ಮ ಕಾಲದ ಸಂಗತಿ ಕೇಳು. ಯುಗಾದಿ ಕಳೆದು ಎಂಟು ದಿನಕ್ಕೆ ಮುಚ್ಚುಗಾಲ ಶುರುವಾಗುತ್ತದೆ. ತೊಂಬತ್ತು ದಿನ ಬಿಸಿಲಿಗೆ ಮೈಯೊಡ್ಡುವ ಹಾಗಿಲ್ಲ. ಮನೆಯ ಕೆಳಗೆ ತೋಡಿದ ಕೆಳಮನೆಯಲ್ಲಿ ಇರುತ್ತೇವೆ, ಒಂದು ಕೆಳಮನೆಯಿಂದ ಇನ್ನೊಂದಕ್ಕೆ ಬಗ್ಗಿ ನಡೆಯುವಷ್ಟು ಒಳದಾರಿ ಇದೆ. ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಬೆಳಗಾಯಿತೆಂದು ತಿಳಿಯಬೇಕು. ಕುಡಿಯಲು ನೀರಂಬಲಿ. ಆ ದಿನಗಳಲ್ಲಿ ಎಮ್ಮೆ ಹಾಲು ಕೊಡುವುದಿಲ್ಲ, ಆದ್ದರಿಂದ ಮಕ್ಕಳಿಗೆ ಹಾಲಿನ ಪುಡಿಯೇ ಗತಿ. ಮುಚ್ಚುಗಾಲಕ್ಕೆ ಮುಂಚೆ ಓಣಿಯವರೆಲ್ಲ ಕೂಡಿ ಜೋಳ, ಬೇಳೆ, ಹಾಲಿನ ಪುಡಿ ಹಂಚಿಕೊಳ್ಳುತ್ತೇವೆ. ಅದಕ್ಕೆ ಓಣಿಪಾಲು ಎನ್ನುತ್ತೇವೆ. ಪಾಲು ಬೇಕಾದ ಮನೆಯವರು ಬಾಗಿಲಲ್ಲಿ ಮೊರ ಅಂಗಾತ ಇಡಬೇಕು. ನಮ್ಮದು ನಮಗೆ ಸಾಕು ಎನ್ನುವವರು ಬೋರಲು ಹಾಕಬೇಕು. ಬೋರಲು ಬಿದ್ದ ಮೊರವನ್ನು ಮಳೆ ಬರುವ ತನಕ ತಿರುಗಿಸುವಂತಿಲ್ಲ, ಆ ಮನೆಯ ಪಾಲು ಅಷ್ಟರಲ್ಲಿ ಬೇರೆಯವರ ಗಡಿಗೆಯನ್ನು ಸೇರಿರುತ್ತದೆ.

ಈ ಸಲ ನಮ್ಮಪ್ಪ ಮೊರ ಬೋರಲು ಹಾಕಿದ.

"ನಮ್ಮಜ್ಜನ ಹಗೇವು ಐತಿ. ಇನ್ನೂ ಒಂದು ವರ್ಷ ತಾಳತೈತಿ. ನಮ್ಮ ಪಾಲು ಎದುರು ಮನೀ ಅವಳಿ ಕೂಸಿಗೆ ಹೋಗಲಿ," ಎಂದು ಓಣಿಯ ನಡುವೆ ನಿಂತು ಹೇಳಿದ. ಜನ ಭೇಷ್ ಅಂದರು. ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ನನಗೊಬ್ಬಳು ಮಗಳಿದ್ದಳು. ಸುಗಂಧಿ ಎಂದು ಹೆಸರು, ಹದಿನಾಲ್ಕು ತಿಂಗಳು. ಮುಚ್ಚುಗಾಲದ ಇಪ್ಪತ್ತನೇ ದಿನ ನನಗೆ ಕಾಮಾಲೆಯಾಗಿ ಎದೆಹಾಲು ಬತ್ತಿತು. ಅಪ್ಪ ಹಗೇವು ತೆಗೆದು, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಅರ್ಧ ದಿನ ಬಿಟ್ಟು, ದೀಪ ಇಳಿಸಿ ನೋಡಿ, ಎಲ್ಲ ನೇಮದಂತೆ ಮಾಡಿ ನಿನ್ನ ಡಬ್ಬಿ ಮೇಲೆ ತಂದ. ಬಣ್ಣ ಎಲ್ಲಿಯೂ ಎದ್ದಿರಲಿಲ್ಲ. ಒಳಗಿನ ಹಾಲಿನ ಪುಡಿ ಮಾತ್ರ ಅರಿಸಿನದ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು, ಹಳೆಯ ಎಣ್ಣೆಯ ಕಮಟು ವಾಸನೆ ಬರುತ್ತಿತ್ತು.

"ಡಬ್ಬಿ ಹಾಲು ಹಿಂಗ ಇರತೈತಿ, ಕುಡಿಸು," ಎಂದ ಅಪ್ಪ.

ಕುಡಿಸಿದೆ. ನನ್ನ ಮೂಗು ಬೇಡ ಎಂದಿತು, ಕೈ ಕುಡಿಸಿತು. ಕಲ್ಲಿನ ಮೇಲಿನ ತಾರೀಖನ್ನು ನಾನು ಓದಿದ್ದೆ, ಇನ್ನೂ ಒಂದು ವರ್ಷ ಇದೆ ಎಂದು ನನಗೂ ಗೊತ್ತಿತ್ತಲ್ಲ. ಮೂರು ದಿನ ಕೂಸು ಕಾರಿಕೊಂಡಿತು, ಭೇದಿಯಾಯಿತು. ಎದುರು ಮನೆಯ ಮಲ್ಲವ್ವನನ್ನು ಕೇಳೋಣ ಎಂದರೆ ಅಪ್ಪ ತಲೆ ತಗ್ಗಿಸಿ ಕೂತ. ಬೋರಲು ಹಾಕಿದ ಮನೆಯವರು ಬೇಡಬಾರದಂತೆ! ನಾಲ್ಕನೇ ದಿನ ನಾನೇ ಒಳದಾರಿಯಲ್ಲಿ ತೆವಳಿಕೊಂಡು ಹೋದೆ. ಮಲ್ಲವ್ವ ತನ್ನ ಅವಳಿಗಳ ಹಾಲಿನಲ್ಲಿ ಅರ್ಧ ಸುರಿದುಕೊಟ್ಟಳು. ಸುಗಂಧಿ ಅದನ್ನು ನುಂಗಲಿಲ್ಲ. ಮರುದಿನ ಹೋದಳು.

ಆಮೇಲೆ ಈಳಿಗೆ ತೆಗೆದುಕೊಂಡು ಡಬ್ಬಿಯ ಬುಡ ಕೆರೆದೆ. ನೀನು ತರುವಾಗಲೇ ಅದಕ್ಕೆ ಇಪ್ಪತ್ತನಾಲ್ಕು ವರ್ಷ ತುಂಬಿತ್ತು. ಉಳಿದದ್ದು ಆರು. ನಲವತ್ತು ಡಬ್ಬಿಯನ್ನೂ ಕೆರೆದೆ, ಬೆರಳು ಒಡೆದವು, ಎಲ್ಲದರಲ್ಲೂ ಅದೇ ವರ್ಷ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮಾಡಿದವನು ನೀನು, ಉಂಡವಳು ನನ್ನ ಮಗಳು.

ಅಗ್ಗಕ್ಕೆ ಕೊಂಡದ್ದೇ ತಪ್ಪು ಎಂದು ನಾನು ಅನ್ನುವುದಿಲ್ಲ. ಸಂತೆ ಎದ್ದೇಳುವ ಹೊತ್ತಿಗೆ ಬಾಡಿದ ಮೆಂತ್ಯೆ ಸೊಪ್ಪು ನಾವೂ ತರುತ್ತೇವೆ. ಆದರೆ ತಂದವರು ಅಂದೇ ಬೇಯಿಸುತ್ತಾರೆ. ನಾಳೆ ಮೊಮ್ಮಕ್ಕಳಿಗೆ ಇರಲಿ ಎಂದು ನೆಲದಲ್ಲಿ ಹೂತು, ಮೇಲೆ ಕಲ್ಲು ಕೆತ್ತಿ, ಸತ್ತ ಮೇಲೂ ದಾನಿ ಅನ್ನಿಸಿಕೊಳ್ಳುವುದಿಲ್ಲ. ನಿನ್ನ ತಿಥಿಗೆ ಇಪ್ಪತ್ತೆಂಟು ವರ್ಷ ಹೋಳಿಗೆ ಎಡೆ ಇಟ್ಟಿದ್ದೇವೆ. ಈ ವರ್ಷ ಅಪ್ಪ ಎಲೆ ಹಾಕಲು ಬಂದಾಗ ನಾನು ಎಲೆ ಕಿತ್ತು ಎಸೆದೆ. ಅವನು ಅತ್ತ. ನನಗೆ ಅಳು ಬರಲಿಲ್ಲ.

ಕಟ್ಟೆಯ ಮೇಲೆ ಡಬ್ಬಿ ಇವೆಯಲ್ಲ, ಅವುಗಳ ಬುಡ ತಿರುಗಿಸಿ ಓದು. ಓದಿದ್ದನ್ನು ಪಾರ್ವತೆವ್ವನಿಗೆ ಗಟ್ಟಿಯಾಗಿ ಹೇಳು, ಅವಳು ಕೇಳಿದ್ದು ಸರಿ ಇತ್ತು ಎಂದೂ ಹೇಳು. ಬಳಿಯಲು ತಂದ ಕೆಂಪು ಬಣ್ಣವನ್ನು ಅಂಗಡಿಗೆ ತಿರುಗಿ ಕೊಡು. ಇನ್ನು ಆರು ವರ್ಷ, ನೀನು ಇರುವಷ್ಟು ದಿನ ನೀನು, ಆಮೇಲೆ ನಿನ್ನ ಮಕ್ಕಳು, ಕೂತು ಡಬ್ಬಿಯದನ್ನೇ ಉಣ್ಣಿರಿ, ಬೇಸರವಾದರೂ ಉಣ್ಣಿರಿ. ಮಿಕ್ಕಿದ್ದನ್ನು ಹಳ್ಳಕ್ಕೆ ಸುರಿ. ನಿನ್ನ ಹಗೇವಿನಲ್ಲಿ ಒಂದು ಕಾಳೂ ಇರದಂತೆ ಗುಡಿಸಿ ಹೋಗು.

ನಮಗೆ ಏನನ್ನೂ ಬಿಟ್ಟುಹೋಗಬೇಡ, ಅಜ್ಜಾ. ಏನೂ ಇಲ್ಲದ ಮನೆಯ ಕೂಸಿಗೆ ನಮ್ಮ ಓಣಿ ಹಾಲು ಕೊಡುತ್ತಿತ್ತು.

ಸಾವಂತ್ರೆವ್ವ