ಪಾಯಿಂಟ್ ಎಷ್ಟಾಯ್ತು?

ಅಜ್ಜಂಪುರ
೧೦ ಫೆಬ್ರವರಿ ೨೦೨೫

ಮುದ್ದು ಶ್ರುತಿಗೆ ಅಜ್ಜಿಯ ಆಶೀರ್ವಾದ.

ವಾರದ ಹಿಂದೆಯೇ ಬರೆಯಬೇಕಿತ್ತು. ನೀನು ಫೋನ್ ಎತ್ತುತ್ತೀಯೆಂದು ಕಾದು ತಡವಾಯಿತು, ಬೇಸರಿಸಬೇಡ. ಬೀರೂರಿನ ಖೋ ಖೋ ಪಂದ್ಯದಲ್ಲಿ ನೀನು ಸಾಲಿನಲ್ಲಿ ಕೂತಿದ್ದಾಗ ಯಾವನೋ ಹಿಂದಿನಿಂದ ತೆಗೆದ ಫೋಟೊ ಮೊಬೈಲುಗಳಲ್ಲಿ ಓಡಾಡುತ್ತಿದೆಯೆಂದೂ, ನೀನು ಆಟ ಬಿಟ್ಟು ಹಾಸ್ಟೆಲಿನಲ್ಲಿ ಬಾಗಿಲು ಹಾಕಿಕೊಂಡಿರುವೆಯೆಂದೂ ನಿಮ್ಮಪ್ಪ ಹೇಳಿದ.

ಪಂದ್ಯ ನಡೆಸಿ ನಿಮಗೆಲ್ಲ ಆ ತುಂಡು ಚಡ್ಡಿ ಕೊಟ್ಟ ರುದ್ರಮೂರ್ತಿಯ ಮನೆಗೇ ಹೋಗಿದ್ದೆ.

"ಈಗೆಲ್ಲಾ ಇದೇ ಕಣಜ್ಜಿ. ಜನ ಸೇರ್ಬೇಕಲ್ಲ?" ಅಂದ.

"ಡೈವ್ ಹೊಡೆದ್ರೆ ಚರ್ಮ ಕಿತ್ತೋಗ್ತದೆ, ಮಂಡಿ ಮುಚ್ಚೋ ಪ್ಯಾಂಟು ಕೊಡಿ ಅಂತ ಹುಡ್ಗೀರು ಕೇಳಿದ್ರಂತೆ. ಹುಡುಗ್ರಿಗೆ ಕೊಟ್ಟಿದೀಯ, ಇವ್ರಿಗ್ಯಾಕಪ್ಪಾ ಕೊಡ್ಲಿಲ್ಲ?"

ಚಡ್ಡಿ ಉದ್ದವಾಯಿತೆಂದು ನಾರ್ವೆಯ ಹ್ಯಾಂಡ್‌ಬಾಲ್ ಆಟಗಾರ್ತಿಯರಿಗೆ ದಂಡ ಹಾಕಿದ್ದನ್ನು ಹಿಂದೆ ಪೇಪರಿನಲ್ಲಿ ಓದಿ, ದೂರದ ದೇಶದ ಮಾತು ಎಂದುಕೊಂಡಿದ್ದೆ. ಈಗ ಬೀರೂರಿಗೇ ಬಂತು.

ನಮ್ಮ ಕಾಲದಲ್ಲಿ ಉಲ್ಟಾ. ಮರ್ಯಾದೆ ಹೋಗುತ್ತದೆಂದು ಲಂಗ ದಾವಣಿಯಲ್ಲೇ ಓಡಿಸುತ್ತಿದ್ದರು. ಕಾಲಿಗೆ ತೊಡರಿ ಬೀಳುತ್ತಿದ್ದೆವು. ಬೀಳುವುದನ್ನೇ ಕಾಯುವವರು ಆಗಲೂ ಸುತ್ತ ನಿಂತಿರುತ್ತಿದ್ದರು. ಉದ್ದ ಮಾಡುವಾಗಲೂ ತುಂಡು ಮಾಡುವಾಗಲೂ ಆಡುವವಳನ್ನು ಯಾರೂ ಕೇಳಲಿಲ್ಲ.

ನಾವು ಆಡುತ್ತಿದ್ದ ತರೀಕೆರೆಯ ಮೈದಾನ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮವ್ವ ಸೆರಗು ಬಿಗಿದು ಗೆರೆಯ ಪಕ್ಕ ಸುತ್ತುತ್ತಿದ್ದಳು. ಹಲ್ಲು ಕಿರಿಯುವವನು ಕಂಡರೆ ಎದುರಿಗೇ ನಿಂತು, "ಏನಪ್ಪಾ, ಪಾಯಿಂಟ್ ಎಷ್ಟಾಯ್ತು?" ಎನ್ನುತ್ತಿದ್ದಳು. ಅವನು ತಡವರಿಸಿದರೆ, "ಮತ್ತೆ ಇಷ್ಟೊತ್ತು ಏನ್ಲಾ ನೋಡ್ತಿದ್ದೆ? ನಡಿ ಆಚೆ!" ಜನ ಗೊಳ್ಳೆಂದು ನಗುತ್ತಿದ್ದರು. ಎಷ್ಟೋ ಜನ ಅವಳು ಹತ್ತಿರ ಬರುವಷ್ಟರಲ್ಲಿ ಪಕ್ಕದವನನ್ನು ಕೇಳಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಆಟ ಮುಗಿದ ಮೇಲೆ ಅವ್ವ ಸೆರಗಿನ ಗಂಟಿನಿಂದ ಬೆಲ್ಲ ತೆಗೆದು ನಮ್ಮೆಲ್ಲರ ಬಾಯಿಗೆ ಹಾಕುತ್ತಿದ್ದಳು. ಆ ಬೆಲ್ಲಕ್ಕೆ ಸ್ವಲ್ಪ ಮಣ್ಣಿನ ರುಚಿ.

ಬರುವ ಭಾನುವಾರ ಕಡೂರಿನಲ್ಲಿ ನಿಮ್ಮ ಪಂದ್ಯ. ನಿನ್ನ ಗೆಳತಿ ಅನುಷಾ ಫೋನ್ ಮಾಡಿದ್ದಳು. "ಪ್ಯಾಂಟು ನಾವೇ ಹೊಲ್ಸಿದೀವಿ ಅಜ್ಜಿ. ಶ್ರುತೀದೂ ಐತೆ" ಅಂದಳು. ಅದನ್ನೇ ಹಾಕು, ಚಡ್ಡಿಯೇ ಹಿತವೆನಿಸಿದರೆ ಚಡ್ಡಿ ಹಾಕು. ಆಡುವುದನ್ನು ಮಾತ್ರ ಬಿಡಬೇಡ. ಗೆರೆಯ ಪಕ್ಕ ನಾನಿರುತ್ತೇನೆ. ಮೊಬೈಲ್ ಎತ್ತಿದವನಿಗೆಲ್ಲ ಪಾಯಿಂಟ್ ಕೇಳುತ್ತೇನೆ. ಬೆಲ್ಲವನ್ನೂ ತರುತ್ತೇನೆ.

ನಿನ್ನ ಕಾಲಿಗೆ ಕಸುವು ಇರಲಿ, ಮಗಳೇ.

ನಿನ್ನ ಅಜ್ಜಿ
ಭಾಗಮ್ಮ

ತಾ.ಕ.: ಅವ್ವ ಒಮ್ಮೆ ನಿನ್ನ ತಾತನನ್ನೂ ಹಾಗೇ ತಡೆದು ಕೇಳಿದ್ದಳು. ಅವರು ಪಾಯಿಂಟು ಸರಿಯಾಗಿ ಹೇಳಿದ್ದಲ್ಲದೆ, ನಾನು ಯಾರನ್ನು ಹೇಗೆ ಔಟ್ ಮಾಡಿದೆನೆಂದೂ ಹೇಳಿದರು. ಅದಕ್ಕೇ ನಾನು ಮದುವೆಗೆ ಒಪ್ಪಿದ್ದು. ಮದುವೆಯಾದ ವಾರಕ್ಕೆ, "ನಾನು ನೋಡಿದ್ದಾಯ್ತಲ್ಲ, ಇನ್ನು ಊರೋರು ಯಾಕೆ ನೋಡ್ಬೇಕು?" ಎಂದರು. ಆಮೇಲೆ ನಾನು ಯಾವ ಮೈದಾನಕ್ಕೂ ಹೋಗಲಿಲ್ಲ, ನಿನ್ನ ಆಟಕ್ಕೂ. ಭಾನುವಾರವೇ ಮೊದಲು.